ಎರಡು ಮನೆ, ಒಂದು ದಿನಚರಿ

ಗಂಡ ಹೆಂಡತಿ ಬೇರೆಯಾದ್ರು.
ಮಗು ವಾರದ ದಿನಗಳಲ್ಲಿ ಅಮ್ಮನ ಹತ್ರ, ಶನಿವಾರ ಭಾನುವಾರ ಅಪ್ಪನ ಹತ್ರ.
ಅದಕ್ಕೆ ಆಟಿಸಂ ಇದ್ರೂ ಇದೇ ಲೆಕ್ಕ ನಡೆಯುತ್ತಾ?

ಇಂಥ ಎಷ್ಟೋ ಮಕ್ಕಳಿಗೆ ದಿನಚರಿ ಅಂದ್ರೆ ರಂಗೋಲಿ ಚುಕ್ಕಿ ಇದ್ದ ಹಾಗೆ.
ಒಂದು ಚುಕ್ಕಿ ಜರುಗಿತೋ,
ಎಳೆಯೆಲ್ಲ ತಪ್ಪುತ್ತೆ.
ಅದೇ ತಟ್ಟೆ, ಅದೇ ಹೊದಿಕೆ, ಅದೇ ಹೊತ್ತಿಗೆ ಊಟ.
ಹೊಸ ಮನೆಯ ಮಿಕ್ಸಿ ಸದ್ದಿಗೇ ಮಗು ಕಿರುಚಬಹುದು.
ನೋಡಿದವರು ಏನಂತಾರೆ?
"ಅಪ್ಪನ್ನ ಕಂಡ್ರೆ ಆಗಲ್ಲ ಅದಕ್ಕೆ!"
ಅಲ್ಲ ರೀ. ಆಗದೇ ಇರೋದು ಮಿಕ್ಸಿ.

ಮಗು ಯಾರ ಹತ್ರ ಇರಬೇಕು ಅನ್ನೋವಾಗ ನಮ್ಮ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ನೋಡೋದು ಮಗುವಿನ ಹಿತವನ್ನ.
ಬೇಕಾದ್ರೆ ಫ್ಯಾಮಿಲಿ ಕೋರ್ಟ್ ತಜ್ಞ ವೈದ್ಯರ ನೆರವನ್ನೂ ಪಡೀಬಹುದು.
ಅದನ್ನ ಕೇಳಿ.

ಕಸ್ಟಡಿ ಒಪ್ಪಂದದಲ್ಲಿ ಬರೀ ವಾರ, ತಾರೀಕು ಸಾಲದು.
ಥೆರಪಿಗೆ ಕರ್ಕೊಂಡು ಹೋಗೋದು ಯಾರು?
ಖರ್ಚು ಯಾರದು?
ಎರಡೂ ಮನೇಲಿ ಮಲಗೋ ಹೊತ್ತು ಒಂದೇನಾ?
ಎಲ್ಲಾ ಬರೆಸಿ.
ಅಪ್ಪನ ಭೇಟಿ ಮೊದಮೊದಲು ಒಂದೆರಡು ಗಂಟೆ,
ಮಗುವಿಗೆ ಗೊತ್ತಿರೋ ಜಾಗದಲ್ಲಿ.
ರಾತ್ರಿ ಉಳಿಯೋದು ಆಮೇಲೆ, ನಿಧಾನಕ್ಕೆ.

ಇನ್ನೊಂದು, ಬಹಳ ಜನ ಮರೆಯೋದು.
18 ತುಂಬಿದ ಮೇಲೆ ಕಸ್ಟಡಿ ಆದೇಶ ನಡೆಯಲ್ಲ.
ಆಮೇಲೂ ಗಾರ್ಡಿಯನ್ ಬೇಕಾದ್ರೆ
1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ.
ಜಿಲ್ಲಾಧಿಕಾರಿ ಇರೋ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ.