ಹೆಸರು ಗೊತ್ತು, ನಂಬರು ಗೊತ್ತಿಲ್ಲ
ನೆಟ್ ಇದೆ, ವಾಟ್ಸಾಪ್ ಬರುತ್ತಿದೆ. ನಾಳೆ ಒಪ್ಪಿಸಬೇಕಾದ ಪ್ರಾಜೆಕ್ಟ್ ಇಟ್ಟಿರುವ ಡ್ರೈವ್ ಮಾತ್ರ ತೆರೆಯುತ್ತಿಲ್ಲ. ಎಲ್ಲಾ ಹೋಯಿತೆಂದು ಗಾಬರಿಯಾಗಬೇಡಿ, ಮಕ್ಕಳೇ. ತಾಣವನ್ನು ತಲುಪಲು ಕಂಪ್ಯೂಟರಿಗೆ ಅಂಕಿಯ ವಿಳಾಸ ಬೇಕು. ಹೆಸರು ಕೊಟ್ಟರೆ ಅದನ್ನು ಹುಡುಕಿಕೊಡುವುದು 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡಿಎನ್‌ಎಸ್. ಅದು ಸುಮ್ಮನಾದರೆ, ಮಾಟುಂಗಾದ ನೆಂಟರ ಹೆಸರು ಗೊತ್ತು, ಮನೆ ನಂಬರು ಗೊತ್ತಿಲ್ಲ ಎಂಬ ಸ್ಥಿತಿ!

ಮೊದಲು ಮೊಬೈಲಿನ ವೈಫೈ ಆರಿಸಿ, ಸಿಮ್‌ನ ಡೇಟಾದಲ್ಲಿ ಅದೇ ತಾಣ ತೆರೆದು ನೋಡಿ. ತೆರೆದರೆ ತೊಂದರೆ ಮನೆಯ ಕಡೆಯದೇ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎನ್‌ಎಸ್‌ಲುಕಪ್’ ಮತ್ತು ತಾಣದ ಹೆಸರು ಟೈಪ್ ಮಾಡಿ (ಇಂಗ್ಲಿಷಿನಲ್ಲೇ ಅನ್ನಿ). ಉತ್ತರ ಬಾರದಿದ್ದರೆ ಕೊನೆಗೆ 8.8.8.8 ಸೇರಿಸಿ, ಗೂಗಲನ್ನು ಕೇಳಿ. ಈಗ ವಿಳಾಸ ಬಂತೇ? ಹಾಗಾದರೆ ಕೈಕೊಟ್ಟಿರುವುದು ನಿಮ್ಮ ನೆಟ್ ಕಂಪನಿಯ ಡಿಎನ್‌ಎಸ್. ವೈಫೈ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಹಾಕಿ. ಆಫೀಸಿನ ಲ್ಯಾಪ್‌ಟಾಪಾದರೆ ಮಾತ್ರ ಮುಟ್ಟಬೇಡಿ. ಆಫೀಸಿನ ಒಳತಾಣಗಳ ವಿಳಾಸ ಗೂಗಲಿಗೆ ಗೊತ್ತಿರುವುದಿಲ್ಲ.

ಎಲ್ಲೂ ತೆರೆಯದಿದ್ದರೆ ತಪ್ಪು ಬಹುಶಃ ಅವರದೇ. 2025ರ ಅಕ್ಟೋಬರ್ 20ರಂದು ಅಮೆಜಾನ್ ಕ್ಲೌಡ್‌ನ ವರ್ಜೀನಿಯಾ ವಿಭಾಗದಲ್ಲಿ ಒಂದು ಡಿಎನ್‌ಎಸ್ ದಾಖಲೆ ಖಾಲಿಯಾಗಿ ಸ್ನ್ಯಾಪ್‌ಚಾಟ್ ಕೂಡ ನಿಂತಿತ್ತು. ಅಂಥ ದಿನ ರೌಟರನ್ನು ಹತ್ತು ಸಲ ಆರಿಸಿ ಹಾಕಿ ಏನು ಬಂತು? ಮೇಷ್ಟರಿಗೆ ಎರಡು ಸಾಲು ಬರೆದು, ಊಟಕ್ಕೆ ಏಳಿ.