ಕಂಪ್ಯೂಟರ್ ತಡವಾಗಿ ಆನ್ ಆದರೆ ಅದಕ್ಕೆ ವಯಸ್ಸಾಯಿತು ಎಂದಲ್ಲ

ಪವರ್ ಬಟನ್ ಒತ್ತಿದ ಮೇಲೆ ಮನೆಯ ಕಂಪ್ಯೂಟರ್ ಕೆಲಸಕ್ಕೆ ಸಿಗಲು ಎಷ್ಟು ಹೊತ್ತು ಬೇಕು? ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ವಿಂಡೋಸ್ 10 ಅಥವಾ 11 ಸಾಮಾನ್ಯವಾಗಿ 15ರಿಂದ 30 ಸೆಕೆಂಡಿನಲ್ಲಿ ತಯಾರಾಗುತ್ತದೆ. ಅದೇ ವಿಂಡೋಸ್ ಹಾರ್ಡ್ ಡಿಸ್ಕ್ ಮೇಲಿದ್ದರೆ ಡೆಸ್ಕ್‌ಟಾಪ್ ಕಾಣಿಸುವುದಕ್ಕೇ ಒಂದೆರಡು ನಿಮಿಷ ಹಿಡಿಯುತ್ತದೆ, ಕ್ಲಿಕ್ ಮಾಡಿದ್ದು ತೆರೆದುಕೊಳ್ಳುವಂತಾಗಲು ಮತ್ತೆರಡು ಮೂರು ನಿಮಿಷ ಕಾಯಬೇಕು. ಈ ನಿಧಾನ ಕಂಡ ಕೂಡಲೇ ಮನೆಯಲ್ಲಿ ತೀರ್ಪುಗಳು ಶುರುವಾಗುತ್ತವೆ. ವೈರಸ್ ಬಂದಿದೆ, ರ‍್ಯಾಮ್ ಸಾಲದು, ಫಾರ್ಮ್ಯಾಟ್ ಹೊಡೆಸಬೇಕು, ಇದರ ಕಾಲ ಮುಗಿಯಿತು, ಹೊಸದು ತರೋಣ. ಬಹುಪಾಲು ಮನೆಗಳಲ್ಲಿ ಇವು ಯಾವುವೂ ನಿಜವಾದ ಕಾರಣವಲ್ಲ. ತಪ್ಪು ತೀರ್ಪಿನಿಂದ ದುಡ್ಡು ಹೋಗುತ್ತದೆ. ಕೆಲವೊಮ್ಮೆ ಮಕ್ಕಳ ಬಾಲ್ಯದ ಫೋಟೊಗಳೂ ಹೋಗುತ್ತವೆ. ಆದ್ದರಿಂದ ಒಂದೊಂದನ್ನೇ ಬಿಡಿಸಿ ನೋಡುವುದು ಒಳ್ಳೆಯದು.

“ಹಳೇ ಕಂಪ್ಯೂಟರ್, ಅದಕ್ಕೇ ಸ್ಲೋ”

ಆನ್ ಆಗುವ ವೇಗಕ್ಕೂ ಪ್ರೊಸೆಸರ್‌ನ ಶಕ್ತಿಗೂ ನಾವು ತಿಳಿದಷ್ಟು ನಂಟಿಲ್ಲ. 1982ರ ಕಮೊಡೋರ್ 64 ಸ್ವಿಚ್ ಹಾಕಿದ ಕೆಲವೇ ಸೆಕೆಂಡಿನಲ್ಲಿ ಕರ್ಸರ್ ಮಿನುಗಿಸುತ್ತಿತ್ತು. ನಮ್ಮ ದೇಶದ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲೆಂದು 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಲ್ಲಿ ಬಂದ ಬಿಬಿಸಿ ಮೈಕ್ರೋ ಕೂಡ ಹಾಗೆಯೇ: ಸ್ವಿಚ್ ಹಾಕಿದರೆ ಎರಡು ಸ್ವರದ ಬೀಪ್, ಆಗಲೇ ಟೈಪ್ ಮಾಡಬಹುದಿತ್ತು. ಇಂದಿನ ಫೋನಿನ ಮುಂದೆ ಆ ಯಂತ್ರಗಳ ಶಕ್ತಿ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಅವುಗಳ ಇಡೀ ಆಪರೇಟಿಂಗ್ ಸಿಸ್ಟಮ್, ಬೇಸಿಕ್ ಭಾಷೆಯ ಸಮೇತ, ರೋಮ್ ಚಿಪ್‌ನಲ್ಲೇ ಇತ್ತು. ಕಮೊಡೋರ್‌ನದು 20 ಕೆಬಿ, ಬಿಬಿಸಿ ಮೈಕ್ರೋದ್ದು 32 ಕೆಬಿ. ಡಿಸ್ಕ್‌ನಿಂದ ಹುಡುಕಿ ತರಬೇಕಾದದ್ದು ಏನೂ ಇರಲಿಲ್ಲ.

ಇಂದು ತರಬೇಕಾದದ್ದು ನೂರಾರು ಎಂಬಿ. ಅದೂ ಒಂದೇ ಕಡೆ ಸಿಗುವುದಿಲ್ಲ; ಡ್ರೈವರ್, ಸರ್ವೀಸ್, ಫಾಂಟ್, ಸೆಟ್ಟಿಂಗ್ ಎಂದು ಸಾವಿರಾರು ಚಿಕ್ಕ ತುಣುಕುಗಳಾಗಿ ಡಿಸ್ಕ್ ತುಂಬ ಹರಡಿಕೊಂಡಿರುತ್ತದೆ. ಹಾರ್ಡ್ ಡಿಸ್ಕ್ ಸೋಲುವುದು ಇಲ್ಲೇ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡ್ ಕಾಯಬೇಕು. ಅದಕ್ಕೂ ಮೊದಲು ತೋಳು ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು 8–10 ಮಿಲಿಸೆಕೆಂಡ್ ಹೋಗುತ್ತದೆ. ಒಟ್ಟಿನಲ್ಲಿ ಸೆಕೆಂಡಿಗೆ 70–80 ತುಣುಕು ಸಿಕ್ಕರೆ ಹೆಚ್ಚು. ತುಣುಕು 4 ಕೆಬಿಯದಾದರೆ ಸೆಕೆಂಡಿಗೆ ಬರುವುದು ಬರೀ 300 ಕೆಬಿ, ಅದೇ ಡಿಸ್ಕ್ ದೊಡ್ಡ ಸಿನಿಮಾ ಫೈಲನ್ನು ಸೆಕೆಂಡಿಗೆ 150 ಎಂಬಿಯಂತೆ ಓದಬಲ್ಲದಾದರೂ. ಕಿರಾಣಿ ಅಂಗಡಿಯವನಿಗೆ ಒಂದು ಮೂಟೆ ಅಕ್ಕಿ ಎತ್ತಿಕೊಡುವುದು ಕ್ಷಣದ ಕೆಲಸ. ಐವತ್ತು ಬಗೆಯ ಸಾಮಾನಿನ ಚೀಟಿ ಕೊಟ್ಟರೆ ತೂಕ ಐದೇ ಕಿಲೋ ಇದ್ದರೂ ಅರ್ಧ ಗಂಟೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ತೋಳೂ ಇಲ್ಲ. ಒಂದು ತುಣುಕಿಗೆ ಸುಮಾರು 0.1 ಮಿಲಿಸೆಕೆಂಡ್ ಸಾಕು.

ಇದನ್ನು ಕಣ್ಣಾರೆ ನೋಡಬಹುದು. ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್ ಆನ್ ಮಾಡಿ, ಲಾಗಿನ್ ಆದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ (ಅದಕ್ಕೂ ತಡವಾಗುತ್ತದೆ, ಕಾಯಿರಿ). ಸಿಪಿಯು ಕಾಲಮ್‌ನಲ್ಲಿ 15, 20 ಎಂದು ಅಂಕಿ ಓಲಾಡುತ್ತಿರುತ್ತದೆ. ಡಿಸ್ಕ್ ಕಾಲಮ್ ಮಾತ್ರ 100ಕ್ಕೆ ಅಂಟಿಕೊಂಡಿರುತ್ತದೆ. ಆದರೆ ಕೆಳಗಿನ ಸಾಲುಗಳಲ್ಲಿ ಓದುತ್ತಿರುವ ವೇಗ ನೋಡಿದರೆ ಒಂದೆರಡು ಎಂಬಿ, ಕೆಲವೊಮ್ಮೆ ಅಷ್ಟೂ ಇಲ್ಲ. ಪ್ರೊಸೆಸರ್ ಸುಮ್ಮನೆ ಕೂತಿದೆ, ಡಿಸ್ಕ್ ಓಡಿ ಓಡಿ ಬಸವಳಿದಿದೆ. ಹೊಸ ಪ್ರೊಸೆಸರ್‌ಗೆ ದುಡ್ಡು ಕೊಟ್ಟರೆ ಕೂತಿರುವವನನ್ನೇ ಬದಲಾಯಿಸಿದ ಹಾಗಾಯಿತು.

ಹಾಗಾಗಿಯೇ ಎಸ್‌ಎಸ್‌ಡಿ ಹಾಕಿದ ಹತ್ತು ವರ್ಷದ ಐ3 ಯಂತ್ರ, ಹಾರ್ಡ್ ಡಿಸ್ಕ್ ಇರುವ ಹೊಸ ಐ5 ಯಂತ್ರಕ್ಕಿಂತ ಬೇಗ ಆನ್ ಆಗುತ್ತದೆ. ಕೆಲವು ವರ್ಷಗಳ ಹಿಂದಿನವರೆಗೂ ಅಂಗಡಿಗಳಲ್ಲಿ ಹೊಸ ಲ್ಯಾಪ್‌ಟಾಪ್‌ಗಳೇ 5400 ಸುತ್ತಿನ ಹಾರ್ಡ್ ಡಿಸ್ಕ್ ಹೊತ್ತು ಬರುತ್ತಿದ್ದವು. ‘1 ಟಿಬಿ’ ಎಂಬ ದೊಡ್ಡ ಅಂಕಿ ನೋಡಿ ಕೊಂಡವರಿಗೆ ಮೊದಲ ದಿನದಿಂದಲೇ ನಿಧಾನ ಗಂಟುಬಿತ್ತು. ಅವರ ಯಂತ್ರಗಳಲ್ಲಿ ಬದಲಾಗಬೇಕಾದದ್ದು ಅದೊಂದೇ ಭಾಗ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಕಂಪ್ಯೂಟರ್ ಅಂಗಡಿಯಲ್ಲಾಗಲಿ ಸಾಟಾ ಎಸ್‌ಎಸ್‌ಡಿ ಸಿಗುತ್ತದೆ, ಹಳೆಯ ಯಂತ್ರಕ್ಕೂ ಕೂರುತ್ತದೆ. ಎನ್‌ವಿಎಂಇ ಎಂಬ ಇನ್ನೊಂದು ಬಗೆಯ ಎಸ್‌ಎಸ್‌ಡಿಯೇ ಬೇಕು ಎಂದು ಯಾರಾದರೂ ಒತ್ತಾಯ ಮಾಡಿದರೆ ಅದಕ್ಕಾಗಿ ಮದರ್‌ಬೋರ್ಡ್ ಬದಲಿಸಬೇಡಿ. ದೊಡ್ಡ ಫೈಲ್ ನಕಲು ಮಾಡುವಾಗ ಅದು ಸಾಟಾಗಿಂತ ಆರೇಳು ಪಟ್ಟು ವೇಗ ತೋರಿಸಬಹುದು. ಆನ್ ಆಗುವ ಹೊತ್ತಿನಲ್ಲಿ ಉಳಿಯುವುದು ಕೆಲವೇ ಸೆಕೆಂಡ್.

“ರಾತ್ರಿ ಶಟ್‌ಡೌನ್ ಮಾಡಿದ್ದೀನಿ, ಬೆಳಿಗ್ಗೆ ಹೊಸದಾಗಿಯೇ ಶುರುವಾಗುತ್ತೆ”

ಹೀಗೆ ನಂಬಿರುವವರು ತುಂಬ ಮಂದಿ. ಆದರೆ 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಶಟ್‌ಡೌನ್ ಒತ್ತಿದರೆ ನಡೆಯುವುದೇ ಬೇರೆ. ನೀವು ತೆರೆದ ಪ್ರೋಗ್ರಾಮ್‌ಗಳು ಮುಚ್ಚುತ್ತವೆ, ನಿಮ್ಮ ಲಾಗಿನ್ ಮುಗಿಯುತ್ತದೆ, ಅಷ್ಟು ಮಾತ್ರ ನಿಜ. ವಿಂಡೋಸ್‌ನ ತಿರುಳಾದ ಕರ್ನೆಲ್ ಮತ್ತು ಡ್ರೈವರ್‌ಗಳು ಮೆಮರಿಯಲ್ಲಿ ಹೇಗಿದ್ದವೋ ಹಾಗೆಯೇ ಡಿಸ್ಕ್‌ನ ಒಂದು ಫೈಲಿಗೆ ಬರೆದುಕೊಳ್ಳಲ್ಪಟ್ಟು, ಬೆಳಿಗ್ಗೆ ಅಲ್ಲಿಂದಲೇ ವಾಪಸು ಬರುತ್ತವೆ. ಇದರ ಹೆಸರು ಫಾಸ್ಟ್ ಸ್ಟಾರ್ಟಪ್. ಹಾರ್ಡ್ ಡಿಸ್ಕ್ ಇದ್ದವರಿಗೆ ಇದು ನಿಜವಾದ ಉಪಕಾರ: ಐವತ್ತು ಸಾಮಾನಿನ ಚೀಟಿಯ ಒಂದು ಭಾಗವಾದರೂ ಮೂಟೆಯಾಗಿ ಬರುತ್ತದೆ.

ಆದರೆ ಇದರಿಂದ ಒಂದು ತೊಡಕೂ ಇದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಆರಿಸಿ, ಕೆಳಗೆ ‘ಅಪ್ ಟೈಮ್’ ನೋಡಿ. ಪ್ರತಿ ರಾತ್ರಿ ತಪ್ಪದೆ ಶಟ್‌ಡೌನ್ ಮಾಡುವವರ ಯಂತ್ರದಲ್ಲೂ ಅದು ಹತ್ತು ದಿನ, ಇಪ್ಪತ್ತು ದಿನ ಎಂದು ತೋರಿಸುತ್ತದೆ. ಅಷ್ಟು ದಿನಗಳ ಹಿಂದೆ ಎಡವಿದ ಪ್ರಿಂಟರ್ ಡ್ರೈವರ್, ಮಂಕಾದ ವೈಫೈ ಡ್ರೈವರ್ ಅದೇ ಸ್ಥಿತಿಯಲ್ಲಿ ಮರಳಿ ಮರಳಿ ಬರುತ್ತಿರುತ್ತವೆ. ಆಫ್ ಮಾಡಿ ಆನ್ ಮಾಡಿದರೂ ಹೋಗದ ತೊಂದರೆ ರೀಸ್ಟಾರ್ಟ್‌ಗೆ ಹೋಗುವುದರ ಗುಟ್ಟು ಇದು. ರೀಸ್ಟಾರ್ಟ್ ಮಾಡಿದಾಗ ವಿಂಡೋಸ್ ಎಲ್ಲವನ್ನೂ ನಿಜವಾಗಿ ಮುಚ್ಚಿ ಮೊದಲಿನಿಂದ ಶುರುಮಾಡುತ್ತದೆ. ಹಾಗಾಗಿ ರೀಸ್ಟಾರ್ಟ್‌ಗೆ ಹೆಚ್ಚು ಹೊತ್ತು ಹಿಡಿದರೆ ಅದು ದೋಷವಲ್ಲ. ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಮಾಡಿದರೂ ಪೂರ್ತಿ ಮುಚ್ಚುತ್ತದೆ. ವಾರಕ್ಕೊಮ್ಮೆ ಇದನ್ನು ರೂಢಿ ಮಾಡಿಕೊಂಡರೆ ಸರ್ವೀಸ್‌ನವರಿಗೆ ಫೋನ್ ಮಾಡುವ ಎಷ್ಟೋ ಸಂದರ್ಭ ತಪ್ಪುತ್ತದೆ. ವಿಂಡೋಸ್ ಜೊತೆಗೆ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಕೂಡ ಹಾಕಿಕೊಂಡವರು ಲಿನಕ್ಸ್‌ನಿಂದ ವಿಂಡೋಸ್ ಡ್ರೈವ್‌ಗೆ ಬರೆಯಲಾಗದೆ ಒದ್ದಾಡುವುದಕ್ಕೂ ಎಷ್ಟೋ ಸಲ ಈ ಫಾಸ್ಟ್ ಸ್ಟಾರ್ಟಪ್ ಕಾರಣ.

“ರ‍್ಯಾಮ್ ಹಾಕಿಸಿದರೆ ಬೇಗ ಆನ್ ಆಗುತ್ತೆ”

8 ಜಿಬಿಯನ್ನು 16 ಮಾಡಿಸಿದರೆ ಆನ್ ಆಗುವ ಹೊತ್ತಿನಲ್ಲಿ ಗುರುತಿಸುವಷ್ಟು ವ್ಯತ್ಯಾಸ ಬರುವುದಿಲ್ಲ. 4 ಜಿಬಿ ಇರುವ ಯಂತ್ರದ ಮಾತು ಬೇರೆ. ಲಾಗಿನ್ ಆಗಿ ಬ್ರೌಸರ್ ತೆರೆಯುವಷ್ಟರಲ್ಲಿ ಅಲ್ಲಿ ಮೆಮರಿ ತುಂಬಿ, ಹೆಚ್ಚಾದದ್ದನ್ನು ವಿಂಡೋಸ್ ಡಿಸ್ಕ್‌ಗೆ ಸಾಗಿಸಲು ತೊಡಗುತ್ತದೆ. ಮೊದಲೇ ಬಳಲಿದ ಹಾರ್ಡ್ ಡಿಸ್ಕ್‌ಗೆ ಇನ್ನೊಂದು ಹೊರೆ. ಅಲ್ಲಿ ರ‍್ಯಾಮ್ ಹಾಕಿಸಿದ್ದು ಸಾರ್ಥಕ. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ಮೊದಲು ಎಸ್‌ಎಸ್‌ಡಿ ಎಂದೇ ನಾನು ಹೇಳುವುದು. ಹೊಸ ಡಿಡಿಆರ್5 ಯಂತ್ರ ಕೊಂಡವರಿಗೆ ಒಂದು ಮಾತು: ಮೊದಲ ಸಲ, ಅಥವಾ ರ‍್ಯಾಮ್ ಬದಲಿಸಿದ ಮೇಲೆ, ಮದರ್‌ಬೋರ್ಡ್ ಮೆಮರಿಯನ್ನು ಹೊಂದಿಸಿಕೊಳ್ಳುವಾಗ ಪರದೆ ಕೆಲವು ನಿಮಿಷ ಕಪ್ಪಗೇ ಇರಬಹುದು. ಕೆಟ್ಟಿತೆಂದು ಗಾಬರಿಯಾಗಿ ಸ್ವಿಚ್ ಆರಿಸಬೇಡಿ.

“ಫಾರ್ಮ್ಯಾಟ್ ಹೊಡೆಸಿದರೆ ಸರಿಹೋಗುತ್ತೆ”

ಸರಿಹೋದಂತೆ ಕಾಣುವುದು ನಿಜ. ಫಾರ್ಮ್ಯಾಟ್ ಮಾಡಿದಾಗ, ತಾವಾಗಿಯೇ ಏಳುತ್ತಿದ್ದ ಪ್ರೋಗ್ರಾಮ್‌ಗಳೆಲ್ಲ ಅಳಿಸಿಹೋಗಿ ವಿಂಡೋಸ್ ಹಗುರಾಗುತ್ತದೆ. ಮತ್ತೆ ಅದೇ ಪ್ರೋಗ್ರಾಮ್‌ಗಳನ್ನು ಹಾಕಿಸುತ್ತಿದ್ದಂತೆ ಮತ್ತೆ ಅದೇ ನಿಧಾನ. ವೈರಸ್‌ನದೂ ಇದೇ ಕತೆ. ವೈರಸ್‌ನಿಂದ ಕಂಪ್ಯೂಟರ್ ನಿಧಾನವಾಗುವುದುಂಟು. ಆದರೆ ನಿಧಾನವಾಗಿದ್ದಕ್ಕೆಲ್ಲ ವೈರಸ್ ಕಾರಣವಲ್ಲ. ಆ ಭಯಕ್ಕೆ ಎರಡೆರಡು ಆಂಟಿವೈರಸ್ ಹಾಕಿಸಿಕೊಂಡರೆ ನಿಧಾನ ಖಂಡಿತ.

ಇಲ್ಲಿ ಒಂದು ಅಪಾಯವಿದೆ, ಇದನ್ನು ಒತ್ತಿ ಹೇಳಬೇಕು. ನಿನ್ನೆಯವರೆಗೆ ಎರಡು ನಿಮಿಷಕ್ಕೆ ಆನ್ ಆಗುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ಹತ್ತು ನಿಮಿಷ ತೆಗೆದುಕೊಂಡರೆ, ನಡುವೆ ಸ್ತಬ್ಧವಾದರೆ, ಒಳಗಿಂದ ಟಿಕ್ ಟಿಕ್ ಸದ್ದು ಬಂದರೆ, ಹಾರ್ಡ್ ಡಿಸ್ಕ್ ಸಾಯುತ್ತಿರಬಹುದು. ತಟ್ಟೆಯಲ್ಲಿ ಹಾಳಾದ ಜಾಗವನ್ನು ಅದು ಮತ್ತೆ ಮತ್ತೆ ಓದಲು ಪ್ರಯತ್ನಿಸುತ್ತಿರುತ್ತದೆ. ಆಗ ಫಾರ್ಮ್ಯಾಟ್‌ಗೆ ಕೊಡುವುದೆಂದರೆ ಉಳಿದದ್ದನ್ನೂ ಕಳೆದುಕೊಳ್ಳುವ ದಾರಿ. ಮೊದಲು ಫೋಟೊ, ದಾಖಲೆಗಳನ್ನು ಬೇರೊಂದು ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಆಮೇಲೆ ಡಿಸ್ಕ್‌ನ ‘ಸ್ಮಾರ್ಟ್’ ವರದಿ ನೋಡಿ ಎಂದು ಅಂಗಡಿಯವರನ್ನು ಕೇಳಿ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಅದರಲ್ಲಿ ಬರೆದಿಟ್ಟಿರುತ್ತದೆ.

ಉಳಿದ ಕೆಲವು ಉಪಾಯಗಳಿಗೆ ಹೆಚ್ಚು ಮಾತು ಬೇಡ. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ರಿಫ್ರೆಶ್, ರಿಫ್ರೆಶ್ ಎಂದು ಒತ್ತುವುದರಿಂದ ಐಕಾನ್‌ಗಳನ್ನು ಮತ್ತೊಮ್ಮೆ ಬರೆಸಿದಂತಾಗುತ್ತದೆಯೇ ಹೊರತು ಮೆಮರಿ ಖಾಲಿಯಾಗುವುದಿಲ್ಲ. ಕಂಪ್ಯೂಟರ್ ಕ್ಲಾಸ್‌ಗಳಲ್ಲಿ ಹೇಳಿಕೊಡುವ ‘ಪ್ರಿಫೆಚ್ ಫೋಲ್ಡರ್ ಡಿಲೀಟ್’ ತಿರುಗುಬಾಣ: ಮುಂದಿನ ಸಲ ಬೇಗ ತೆರೆಯಲೆಂದು ವಿಂಡೋಸ್ ಬರೆದಿಟ್ಟುಕೊಂಡ ಟಿಪ್ಪಣಿಗಳನ್ನೇ ಅಳಿಸಿದಂತೆ. ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಎಂಬ ಸೆಟ್ಟಿಂಗ್ ಕಿಟಕಿಯಲ್ಲಿ ಪ್ರೊಸೆಸರ್ ಸಂಖ್ಯೆ ಹೆಚ್ಚಿಸುವುದೂ ವ್ಯರ್ಥ. ಅಲ್ಲಿ ಟಿಕ್ ಗುರುತು ಹಾಕದಿದ್ದಾಗ ವಿಂಡೋಸ್ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ. ಅದು ಇರುವುದು ಪರೀಕ್ಷೆಗಾಗಿ ಸಂಖ್ಯೆ ಕಡಿಮೆ ಮಾಡಲು. ರಿಜಿಸ್ಟ್ರಿ ಕ್ಲೀನರ್‌ಗಳ ಬಳಕೆಯನ್ನು ಮೈಕ್ರೋಸಾಫ್ಟ್ ತಾನೇ ಬೆಂಬಲಿಸುವುದಿಲ್ಲ.

“ಡೆಸ್ಕ್‌ಟಾಪ್ ಬಂತು ಅಂದ್ರೆ ಆನ್ ಆಯ್ತು”

ನಾವು ಕಾಯುವ ಹೊತ್ತಿನ ದೊಡ್ಡ ಪಾಲು ಡೆಸ್ಕ್‌ಟಾಪ್ ಬಂದ ಮೇಲೆ ಕಳೆಯುತ್ತದೆ. ಮೀಟಿಂಗ್ ಆ್ಯಪ್, ಫೈಲ್ ಸಿಂಕ್, ಆಟದ ಲಾಂಚರ್, ಪ್ರಿಂಟರ್ ಸಹಾಯಕ, ಅಪ್‌ಡೇಟ್ ಹುಡುಕುವ ಪ್ರೋಗ್ರಾಮ್ ಎಲ್ಲವೂ ಅದೇ ಗಳಿಗೆಯಲ್ಲಿ ಡಿಸ್ಕ್‌ಗೆ ಮುಗಿಬೀಳುತ್ತವೆ. ಬಹುತೇಕ ಪ್ರೋಗ್ರಾಮ್‌ಗಳು ಮನೆಯವರನ್ನು ಕೇಳದೆಯೇ ಆ ಪಟ್ಟಿಗೆ ಸೇರಿಕೊಂಡಿರುತ್ತವೆ. ತಂತ್ರಾಂಶ ಮಾಡುವವರ ಈ ರೂಢಿ ನನಗೆ ಸ್ವಲ್ಪವೂ ಹಿಡಿಸದು. ಬೇರೆ ರೀತಿಯಲ್ಲೂ ಯೋಚಿಸಬಹುದು ಎಂಬುದನ್ನು 2008ರಲ್ಲಿ ಇಂಟೆಲ್‌ನ ಆರ್ಯನ್ ವಾನ್ ಡಿ ವೆನ್ ಮತ್ತು ಔಕೆ ಕಾಕ್ ತೋರಿಸಿದ್ದರು. ಅಸುಸ್‌ನ ಇಇಇ ಪಿಸಿ ಎಂಬ ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಐದು ಸೆಕೆಂಡಿನಲ್ಲಿ ಏಳುವಂತೆ ಮಾಡಿದರು. ಕರ್ನೆಲ್‌ಗೆ ಒಂದು ಸೆಕೆಂಡ್, ಆರಂಭದ ಕೆಲಸಗಳಿಗೆ ಒಂದು, ಗ್ರಾಫಿಕ್ಸ್‌ಗೆ ಒಂದು, ಡೆಸ್ಕ್‌ಟಾಪ್‌ಗೆ ಎರಡು ಎಂದು ಮೊದಲೇ ಪಾಲು ಹಂಚಿ, ಮೀರಿದ್ದನ್ನು ತಿದ್ದುತ್ತ ಹೋದರು.

ನಮ್ಮ ಮನೆಯಲ್ಲೂ ಆ ಲೆಕ್ಕದ ಸಣ್ಣ ರೂಪ ಸಾಧ್ಯ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ಪ್ರತಿ ಪ್ರೋಗ್ರಾಮ್‌ನ ಹೊರೆ ‘ಹೈ’, ‘ಮೀಡಿಯಂ’, ‘ಲೋ’ ಎಂದು ಬರೆದಿರುತ್ತದೆ. ಬೇಡದ್ದನ್ನು ಡಿಸೇಬಲ್ ಮಾಡಿ. ಪ್ರೋಗ್ರಾಮ್ ಅಳಿಯುವುದಿಲ್ಲ, ಬೇಕಾದಾಗ ತೆರೆದರೆ ಬರುತ್ತದೆ. ಆಂಟಿವೈರಸ್ ಮತ್ತು ಟಚ್‌ಪ್ಯಾಡ್, ಸೌಂಡ್‌ಗೆ ಸೇರಿದ್ದನ್ನು ಮುಟ್ಟದಿರಿ. ಅದೇ ಪುಟದ ಮೇಲ್ತುದಿಯಲ್ಲಿ ‘ಲಾಸ್ಟ್ ಬಯೋಸ್ ಟೈಮ್’ ಎಂಬ ಅಂಕಿ ಇರುತ್ತದೆ. ವಿಂಡೋಸ್ ಶುರುವಾಗುವ ಮೊದಲೇ ಮದರ್‌ಬೋರ್ಡ್ ತೆಗೆದುಕೊಂಡ ಸೆಕೆಂಡುಗಳು ಅವು. ಅಲ್ಲಿ 25, 30 ಎಂದಿದ್ದರೆ ವಿಂಡೋಸ್ ಅನ್ನು ಎಷ್ಟು ತಿದ್ದಿದರೂ ಆ ಹೊತ್ತು ಉಳಿಯದು.

ಬಯೋಸ್ ಹಂತದಲ್ಲೇ ನಿಲ್ಲುವ ಇನ್ನೊಂದು ತೊಂದರೆ ನಮ್ಮ ಮನೆಗಳಲ್ಲಿ ಹೆಚ್ಚು. ಕರೆಂಟ್ ಏರುಪೇರಿಗೆ ಹೆದರಿ ನಾವು ಗೋಡೆಯ ಸ್ವಿಚ್ಚನ್ನೂ ಆರಿಸುತ್ತೇವೆ. ಅದರಲ್ಲಿ ತಪ್ಪಿಲ್ಲ. ಆದರೆ ಆಗ ಡೆಸ್ಕ್‌ಟಾಪ್ ಕಂಪ್ಯೂಟರ್‌ನ ಗಡಿಯಾರ ನಡೆಯುವುದು ಮದರ್‌ಬೋರ್ಡ್ ಮೇಲಿನ ಸಿಆರ್2032 ಎಂಬ ನಾಣ್ಯದಾಕಾರದ ಸೆಲ್‌ನಿಂದ ಮಾತ್ರ; ಅದು ಬೇಗ ಮುಗಿಯುತ್ತದೆ. ಮುಗಿದರೆ ಪ್ರತಿ ಸಲವೂ ‘ಎಫ್1 ಒತ್ತಿ’ ಎಂದು ಪರದೆ ನಿಲ್ಲುತ್ತದೆ, ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ, ತಾರೀಕು ತಪ್ಪಿದ್ದರಿಂದ ಬ್ಯಾಂಕಿನ ವೆಬ್‌ಸೈಟ್ ತೆರೆಯಲು ಬ್ರೌಸರ್ ಒಪ್ಪುವುದಿಲ್ಲ. ಇದನ್ನೂ ವೈರಸ್ ಎಂದುಕೊಳ್ಳುವವರಿದ್ದಾರೆ. ಒಂದು ಹೋಟೆಲ್ ಊಟದ ಬೆಲೆಯೂ ಇಲ್ಲದ ಸೆಲ್ ಬದಲಿಸಿದರೆ ಮುಗಿಯಿತು.

“ವಿಂಡೋಸ್ 11 ಕೂರಲ್ಲ ಅಂದ್ರೆ ಗುಜರಿಗೇ”

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ ಮದರ್‌ಬೋರ್ಡ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಇದು ನಿಜವಾದ ಅಡಚಣೆ, ವೇಗದ್ದಲ್ಲ, ಸುರಕ್ಷತೆಯದು. ಎಸ್‌ಎಸ್‌ಡಿ ಹಾಕಿಸಿ 20 ಸೆಕೆಂಡಿಗೆ ಆನ್ ಆಗುವಂತೆ ಮಾಡಿಕೊಂಡ ಯಂತ್ರದಲ್ಲೂ ಸುರಕ್ಷತೆಯ ಅಪ್‌ಡೇಟ್ ನಿಂತ ಮೇಲೆ ಬ್ಯಾಂಕ್ ಕೆಲಸ ಮಾಡುವುದು ಸರಿಯಲ್ಲ. ಅಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್, ಉಬುಂಟುವಿನಂಥದ್ದು ಹಾಕಿದರೆ ಬ್ರೌಸರ್, ಪತ್ರ ಬರವಣಿಗೆ, ಮಕ್ಕಳ ಪಾಠಕ್ಕೆ ಇನ್ನೂ ಹಲವು ವರ್ಷ ಸಾಕು. ಕನ್ನಡ ಟೈಪಿಂಗ್‌ಗೆ ‘ನುಡಿ’ ತಂತ್ರಾಂಶ ಬಳಸುವವರಿಗೆ ಅಭ್ಯಾಸವಾದ ಕೆಜಿಪಿ ಕೀಲಿಮಣೆ ಅದರಲ್ಲೂ ಇದೆ. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಬರೆದಿಟ್ಟ ಕಡತಗಳು ತುಂಬ ಇದ್ದವರು ಮಾತ್ರ ಬದಲಾಯಿಸುವ ಮುಂಚೆ, ವಿಂಡೋಸ್ ಇನ್ನೂ ಇರುವಾಗಲೇ, ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.