ಲಾಗ್‌ಫೋರ್‌ಜೆ ದೋಷವೂ ಅದರ ಶೋಧನಕ್ರಮವೂ

ಹಸ್ತಪ್ರತಿಗಳನ್ನು ಪರಿಷ್ಕರಿಸುವವರಿಗೆ ಎರಡು ಸಂಗತಿಗಳು ಸುವಿದಿತವಾಗಿವೆ. ಲಿಪಿಕಾರನ ಧರ್ಮವು ಕಂಡುದನ್ನು ಕಂಡಂತೆ ಬರೆಯುವುದೇ ಹೊರತು ಬರೆದುದರ ಆಜ್ಞೆಯನ್ನು ನಡೆಯಿಸುವುದಲ್ಲವೆಂಬುದು ಒಂದು. ಮಾತೃಕೆಯನ್ನು ತಿದ್ದಿದ ಮಾತ್ರಕ್ಕೆ ದೇಶದಲ್ಲಿ ಹರಡಿರುವ ಪ್ರತಿಗಳೆಲ್ಲವೂ ಶುದ್ಧವಾಗಲಾರವೆಂಬುದು ಇನ್ನೊಂದು. ೨೦೨೧ನೆಯ ಡಿಸೆಂಬರಿನಲ್ಲಿ ಗಣಕಯಂತ್ರಗಳ ಲೋಕವನ್ನು ತಲ್ಲಣಗೊಳಿಸಿದ ‘ಲಾಗ್‌ಫೋರ್‌ಜೆ’ ದೋಷವನ್ನು ಅರಿಯುವುದಕ್ಕೆ ಇವೆರಡೇ ಸಾಕು.

ಲಾಗ್‌ಫೋರ್‌ಜೆ ಎಂಬುದು ಜಾವಾ ಭಾಷೆಯಲ್ಲಿ ರಚಿತವಾದ ತಂತ್ರಾಂಶಗಳಿಗೆ ಲಿಪಿಕಾರನಂತಿರುವ ಅಂಗವು. ಯಾರು ಏನನ್ನು ಕೇಳಿದರು, ಎಲ್ಲಿ ತಪ್ಪು ಸಂಭವಿಸಿತು ಎಂಬಿವನ್ನು ದಾಖಲೆಯಲ್ಲಿ ಬರೆದಿಡುವುದೇ ಇದರ ಕಾರ್ಯ. ಅಪಾಚೆ ಪ್ರತಿಷ್ಠಾನದ ಆಶ್ರಯದಲ್ಲಿ ಕೆಲವೇ ಮಂದಿ ಸ್ವಯಂಸೇವಕರು ಇದನ್ನು ಪೋಷಿಸುತ್ತಿದ್ದರು. ಬರೆಯುವ ವಾಕ್ಯದಲ್ಲಿ ಸಂಕೇತವೊಂದು ಬಂದರೆ ಅದರ ಅರ್ಥವನ್ನು ತುಂಬುವ ಕ್ರಮವು ಆಗ ಇದರಲ್ಲಿ ಇದ್ದಿತು. ಆ ಅರ್ಥವನ್ನು ‘ಜೆಎನ್‌ಡಿಐ’ ಎಂಬ ಮಾರ್ಗದಿಂದ ಪರಯಂತ್ರದಿಂದಲೂ ತರಿಸಿಕೊಳ್ಳುವ ಶಕ್ತಿಯು ೨೦೧೩ರಲ್ಲಿ ಸೇರಿತು.

ದೋಷದ ಬೀಜವು ಇಲ್ಲಿಯೇ ಇದೆ. ದಾಖಲೆಗೆ ಬರುವ ಮಾತು ಬಹುಮಟ್ಟಿಗೆ ಪರರದು. ವೈಯಾಕರಣರ ಪರಿಭಾಷೆಯಲ್ಲಿ ಅದು ಅನುಕರಣಮಾತ್ರವು. ಯಂತ್ರವಾದರೋ ಅದನ್ನು ವಿಧಿಯೆಂದು ಗ್ರಹಿಸಿತು. ದುರುಳನೊಬ್ಬನು ತನ್ನ ಯಂತ್ರದ ವಿಳಾಸವನ್ನು ಸಂಕೇತದಲ್ಲಿ ಹುದುಗಿಸಿ ಕಳುಹಿಸಿದರೆ, ಅಲ್ಲಿಂದ ಬಂದ ಕ್ರಮವಿಧಿಯನ್ನು ಲಾಗ್‌ಫೋರ್‌ಜೆಯು ನಡೆಯಿಸಿಬಿಡುತ್ತಿತ್ತು. ‘ಮೈನ್‌ಕ್ರಾಫ್ಟ್’ ಎಂಬ ಆಟದ ಸಂಭಾಷಣೆಯಲ್ಲಿ ಒಂದು ಸಾಲನ್ನು ಬರೆದರೂ ಸಾಕಾಗಿತ್ತು. ತೀವ್ರತೆಯ ಮಾನದಲ್ಲಿ ಈ ದೋಷಕ್ಕೆ ಹತ್ತಕ್ಕೆ ಹತ್ತು ಅಂಕಗಳು ಸಂದುವು.

ಅಲಿಬಾಬಾ ಸಂಸ್ಥೆಯ ಶೋಧಕರೊಬ್ಬರು ನವೆಂಬರ್ ೨೪ರಂದು ಇದನ್ನು ಪೋಷಕರಿಗೆ ಗೋಪ್ಯವಾಗಿ ತಿಳಿಸಿದರು. ಡಿಸೆಂಬರ್ ೯ರ ವೇಳೆಗೆ ಗುಟ್ಟು ರಟ್ಟಾಯಿತು. ಕೂಡಲೆ ೨.೧೫.೦ ಎಂಬ ಪರಿಷ್ಕರಣವು ಹೊರಬಿದ್ದಿತು. ಅದು ಅಪೂರ್ಣವೆಂದು ಕಂಡುಬರಲು, ವಾಕ್ಯದೊಳಗಣ ಸಂಕೇತಾರ್ಥವನ್ನೇ ತೆಗೆದುಹಾಕಿದ ೨.೧೬.೦ ಬಂದಿತು. ಬೇರೆ ನ್ಯೂನತೆಗಳ ನಿವಾರಣೆಗಾಗಿ ೨.೧೭.೦, ೨.೧೭.೧ ಎಂಬಿವು ತಿಂಗಳ ಅಂತ್ಯದೊಳಗೆ ಪ್ರಕಟವಾದುವು. ಅವಸರದ ಮೊದಲ ತಿದ್ದುಪಡಿಯೇ ಕಡೆಯದೆಂದು ನಂಬಲಾಗದೆಂಬುದಕ್ಕೆ ಇದೇ ನಿದರ್ಶನ.

ಹೀಗೆ ಮಾತೃಕೆಯು ಶುದ್ಧವಾಯಿತು, ಪ್ರತಿಗಳ ಗತಿಯೇನು? ಗೂಗಲ್ ಸಂಸ್ಥೆಯವರ ಗಣನೆಯಂತೆ ಜಾವಾ ಭಂಡಾರದ ೩೫,೦೦೦ಕ್ಕೂ ಮಿಕ್ಕ ತಂತ್ರಾಂಶಗಳು, ಎಂದರೆ ನೂರಕ್ಕೆ ಎಂಟಕ್ಕೂ ಹೆಚ್ಚಿನವು, ಈ ದೋಷಕ್ಕೆ ಒಳಗಾಗಿದ್ದುವು. ಇವುಗಳಲ್ಲಿ ಹೆಚ್ಚಿನವು ಲಾಗ್‌ಫೋರ್‌ಜೆಯನ್ನು ನೇರಾಗಿ ಬಳಸಿದವಲ್ಲ. ತಾವು ಆಶ್ರಯಿಸಿದ ಬೇರೆ ಗ್ರಂಥಗಳ ಮೂಲಕ ಅದನ್ನು ಒಳಗೊಂಡವು. ತಮ್ಮಲ್ಲಿ ಇದು ಇರುವುದೆಂಬುದೇ ಅನೇಕರಿಗೆ ತಿಳಿದಿರಲಿಲ್ಲ.

ಆದುದರಿಂದ ಪರಿಹಾರದ ಮೊದಲ ಹೆಜ್ಜೆಯು ತಿದ್ದುವುದಲ್ಲ, ಹುಡುಕುವುದು. ಬಳಿಕ, ತಿದ್ದುವುದು ತಡವಾಗುವಲ್ಲಿ ಜೆಎನ್‌ಡಿಐ ಭಾಗವನ್ನು ಕಿತ್ತುಹಾಕಿ ಹೊರದಾರಿಯನ್ನು ಮುಚ್ಚಬೇಕು. ಶತ್ರುವು ಮೊದಲೇ ಹೊಕ್ಕಿರುವನೋ ಎಂದು ಪರೀಕ್ಷಿಸಬೇಕು. ಕಡೆಗೆ ಶುದ್ಧಪಾಠವನ್ನು ಸ್ಥಾಪಿಸಬೇಕು. ಅಮೆರಿಕದ ಸರಕಾರವು ಡಿಸೆಂಬರ್ ೧೭ರಂದು ಆಜ್ಞೆಯನ್ನು ಹೊರಡಿಸಿ, ೨೩ರೊಳಗೆ ಪಟ್ಟಿಯೂ ಪರಿಹಾರವೂ ಆಗಬೇಕೆಂದು ತನ್ನ ಇಲಾಖೆಗಳಿಗೆ ವಿಧಿಸಿತು. ಆದರೂ ಅಲ್ಲಿಯ ಪರಿಶೀಲನಮಂಡಲಿಯು ೨೦೨೨ನೆಯ ಜುಲೈಯಲ್ಲಿ, ದೋಷಯುಕ್ತ ಪ್ರತಿಗಳು ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿಯಬಹುದೆಂದು ಅಭಿಪ್ರಾಯಪಟ್ಟಿತು.

ಪೋಷಕರು ಮಾತೃಕೆಯನ್ನು ತಿದ್ದಿಕೊಟ್ಟಾರು. ಪ್ರತಿಯನ್ನು ತಿದ್ದುವ ಭಾರವು ಪ್ರತಿಯನ್ನಿಟ್ಟುಕೊಂಡವನದೇ. ತನ್ನ ಭಂಡಾರದಲ್ಲಿ ಏನಿದೆಯೆಂಬುದನ್ನು ಅರಿಯದವನಿಗೆ ಎಂತಹ ಶುದ್ಧಪಾಠವೂ ಪ್ರಯೋಜನಕ್ಕೆ ಬಾರದು.